ಇತರೆ ಖರ್ಚು

ಮೂವತ್ತೊಂದು ವರ್ಷ ಸಹಕಾರಿ ಸಂಘಗಳ ಲೆಕ್ಕ ತಪಾಸಿಸಿದವಳು ನಾನು.
ನನ್ನ ಹಸಿರು ಶಾಯಿಯ ಟಿಕ್ಕಿಗೆ
ಅಂಕೋಲೆಯ ಮ್ಯಾನೇಜರು ಬೆವರುತ್ತಿದ್ದ ಕಾಲವೊಂದಿತ್ತು.
ಈಗ ಶನಿವಾರ ಹತ್ತೂಕಾಲರ ಬಸ್ಸಿಗೆ ಕಡವಾಡದಲ್ಲಿ ಇಳಿದು
ಶೈಲಾ ತಾಂಡೇಲಳ ಪಡಸಾಲೆಯಲ್ಲಿ
ಬಿಸ್ಕೀಟಿನ ಡಬ್ಬಿ ಬಿಚ್ಚುತ್ತೇನೆ.
ಸಂಸ್ಥೆಯ ರಸೀದಿಗಳೆಲ್ಲ ಅದರಲ್ಲೇ.
ಏಡಿಯ ಒಂದು ಕಾಲೂ.

ಸಂಬಳವಿಲ್ಲ. ಚಹಾ ಇದೆ, ಸಕ್ಕರೆ ಜಾಸ್ತಿ.

ದೋಣಿ ಬಾಡಿಗೆ ಮುನ್ನೂರು, ಸಹಿ ಇಲ್ಲ.
ಭೂತಗನ್ನಡಿ ಹನ್ನೆರಡು,
ಬದಿಗೆ ಪೆನ್ಸಿಲ್ಲಿನಲ್ಲಿ: ಒಂದು ಹೊಳೆಗೆ ಬಿತ್ತು.
ಮಕ್ಕಳಿಗೆ ಅವಲಕ್ಕಿ. ಮತ್ತೆ ಅವಲಕ್ಕಿ.
ಚಪ್ಪಲಿ, ಒಂದು ಜೊತೆ, ನೂರಾ ಎಂಬತ್ತು.

“ಇದು ಯಾವ ಬಾಬತ್ತು?”
“ಏಳನೇ ಕ್ಲಾಸಿನವನದು. ಕೆಸರು ನುಂಗಿತು.
ಬರಿಗಾಲಲ್ಲಿ ಮನೆಗೆ ಹೋದರೆ ಅವನವ್ವ
ಮುಂದಿನ ವಾರ ಕಳಿಸುವುದಿಲ್ಲ.”
ದೇಣಿಗೆ ಕೊಟ್ಟವರ ನಮೂನೆಯಲ್ಲಿ ಹದಿನಾಲ್ಕು ಕಲಮು.
ಚಪ್ಪಲಿಗೆ ಜಾಗವಿಲ್ಲ.
ಬರೆದೆ: ಇತರೆ.

ನನಗಿಂತ ಉಪಯೋಗದವರು ಬರುತ್ತಾರೆ.
ಹಡಗಿನ ಇಂಜಿನ್ನು ಬಿಚ್ಚಿ ಕೂಡಿಸಿದ ಡಯಾಸ್ ಮಾಮ
ನಮ್ಮ ದೋಣಿಯ ಮೋಟಾರಿಗೆ ಕಿವಿಯಿಟ್ಟು
ಅದರ ಹಿಂದಿನ ಮೂರು ತಲೆಮಾರಿಗೆ ಬೈಯುತ್ತಾನೆ;
ಅದು ಹೆದರಿ ಶುರುವಾಗುತ್ತದೆ.
ರಜೆಗೆ ಬಂದ ನಕ್ಷೆಯ ಹುಡುಗಿ
ಹೊಳೆಯಂಚನ್ನು ಮೂರು ಸಲ ಬರೆದು ಅಳಿಸಿದಳು:
“ಇದು ಒಂದು ಕಡೆ ನಿಲ್ಲುವುದೇ ಇಲ್ಲ, ಅಕ್ಕಾ.”
ನನಗೆ ಮರದ ಹೆಸರು ಬಾರದು, ಹಕ್ಕಿಯದು ಬಾರದು.
ಕೂಡಿಸಲು ಬರುತ್ತದೆ.

ಮಾರ್ಚಿನಲ್ಲಿ ವರದಿ.
ನೆಟ್ಟ ಕಾಂಡ್ಲಾ ಸಸಿ: ಸಾವಿರದ ಇನ್ನೂರು.
ಬದುಕಿದ್ದು: ಅಲ್ಲಿ ಏನೂ ಬರೆದಿಲ್ಲ.
ಖಾಲಿ ಚೌಕ ಕಂಡರೆ ನನಗೆ ಹಲ್ಲುನೋವು.
ಸೀರೆ ಎತ್ತಿ ಕಟ್ಟಿ ಇಳಿತದ ಹೊತ್ತಿಗೆ ಇಳಿದೆ,
ಗೋದಾಮಿನ ಚೀಲ ಎಣಿಸಿದವಳಿಗೆ ಇದೇನು ಮಹಾ ಎಂದು.
ಮೊಣಕಾಲವರೆಗೆ ಹೋದೆ.
ಎಡಗಾಲ ಚಪ್ಪಲಿ ಇನ್ನೂ ಕೆಳಗೆ ಹೋಯಿತು.
ಮಕ್ಕಳು ಸಾಲಾಗಿ ಕೂಗಿದರು, ನಾನು ಗೀಟು ಹಾಕಿದೆ.
ನಾಲ್ಕು ನೂರಾ ಹನ್ನೆರಡು.
ಎರಡನೇ ಸಲ ಎಣಿಸಿದಾಗ ಹನ್ನೊಂದು.

ಬುಟ್ಟಿ ಪಕ್ಕಕ್ಕಿಟ್ಟು ಬಳಚು ಹೆಕ್ಕುತ್ತಿದ್ದ ಮಂಕಾಳಿ ಹರಿಕಂತ್ರ
ಬಗ್ಗಿದ ಬೆನ್ನು ಎತ್ತದೆಯೇ ಅಂದಳು:
“ಸತ್ತದ್ದನ್ನ ಎಣಿಸೂದ್ ಎಂತಕ್ಕೆ?
ಇದು ಬಳಚಿನ ಜಾಗ. ಇಲ್ಲಿ ಗಿಡ ನಿಲ್ಲೂದಿಲ್ಲ.
ಆ ದಂಡೆ ಮಗ್ಗಲಿಗೆ ನೆಡ್ಬೇಕಾಗಿತ್ತು.”
“ಮೊದಲೇ ಹೇಳಬಾರದಿತ್ತೇ?”
“ಯಾರ್ ಕೇಳಿದ್ರು?”

ಸಂಜೆ ಪಡಸಾಲೆಯಲ್ಲಿ ಯಾರೋ ಅಂದರು,
ಒಂಬೈನೂರು ಎಂದು ಹಾಕಿ ಮೇಡಂ, ಎಲ್ಲರೂ ಹಾಗೇ ಹಾಕುತ್ತಾರೆ,
ಅವರೇನು ಕೆಸರಿಗೆ ಇಳಿಯುತ್ತಾರೆಯೇ.
ಶೈಲಾ ಭೂತಗನ್ನಡಿಗಳನ್ನು ತೊಳೆಯುತ್ತಿದ್ದಳು.
ಹನ್ನೊಂದನ್ನೂ ತೊಳೆದು, ಒರೆಸಿ, ಡಬ್ಬಿಗೆ ಹಾಕುವವರೆಗೆ
ಮಾತಾಡಲಿಲ್ಲ.
ಆಮೇಲೆ: “ಇದ್ದದ್ದು ಬರಿ.”

ಬರೆದೆ. ನಾಲ್ಕು ನೂರಾ ಹನ್ನೊಂದು.
ನಷ್ಟ, ಏಳು ನೂರಾ ಎಂಬತ್ತೊಂಬತ್ತು.
ಕಾರಣದ ಕಲಮಿನಲ್ಲಿ ಮೂರು ಸಾಲು ಜಾಗವಿತ್ತು.
ಒಂದೇ ಶಬ್ದ ಸಾಕಾಯಿತು: ಕೇಳಲಿಲ್ಲ.

ಅವರ ಉತ್ತರ ಇನ್ನೂ ಬಂದಿಲ್ಲ. ದುಡ್ಡೂ.
ಅವಲಕ್ಕಿಗೆ ಸದ್ಯ ಡಯಾಸ್ ಮಾಮನ ಪಿಂಚಣಿ;
ಅದನ್ನೂ ಸಾಲವೆಂದೇ ಬರೆದಿದ್ದೇನೆ, ಅವನು ಬೈದರೂ.

ಏಪ್ರಿಲ್ಲಿನ ಹೊಸ ಪುಸ್ತಕದ ಮೊದಲ ಸಾಲು:
ಮಂಕಾಳಿ ಹರಿಕಂತ್ರ, ಮಕ್ಕಳಿಗೆ ಪಾಠ,
ಒಂದು ಇಳಿತಕ್ಕೆ ಐನೂರು.
ಗಂಟೆಗೆ ಎಷ್ಟೆಂದು ಕೇಳಿದರೆ ನಕ್ಕುಬಿಟ್ಟಳು, ಹಾಗಾಗಿ ಇಳಿತಕ್ಕೆ.
ಸಹಿಗೆ ಪೆನ್ನು ಕೊಟ್ಟೆ.
ಮಂಕಾ ಎಂದು ಬರೆದು ನಿಲ್ಲಿಸಿ
ಚಹಾ ಕುಡಿದು
ಳಿ ಬರೆದಳು.

ಅಂದಹಾಗೆ ಚಪ್ಪಲಿ ಸಿಕ್ಕಿತು.
ಏಳನೇ ಕ್ಲಾಸಿನವನೇ ಎತ್ತಿ ತಂದ,
ಒಳಗೆ ಬೆರಳಿನಷ್ಟು ಏಡಿಯೊಂದು ಬಾಡಿಗೆಗಿತ್ತು.
ಮೊದಲು ಅದನ್ನು ಬಿಟ್ಟು ಬಂದ, ಆಮೇಲೆ ನನಗೆ ಕೊಟ್ಟ.

ಹತ್ತೂಕಾಲರ ಬಸ್ಸಿಗೆ ಈಗ ಹೋಗುವುದಿಲ್ಲ.
ಶುಕ್ರವಾರ ರಾತ್ರಿ ಮಂಕಾಳಿಗೆ ಫೋನು ಮಾಡಿ
ನಾಳೆ ನೀರು ಎಷ್ಟು ಹೊತ್ತಿಗೆ ಇಳಿಯುತ್ತದೆಂದು ಕೇಳಿ
ಆ ಬಸ್ಸು ಹಿಡಿಯುತ್ತೇನೆ.