ಇಂಡಿ–ದಿಲ್ಲಿ, ಐವತ್ತು ತಾಸು

ಬಿಲ್ಟಿ ಬರಿಯೂದು ನನ್ನ ಕೆಲಸ.
ಲಿಂಬಿ, ಮುನ್ನೂರಾ ಇಪ್ಪತ್ತು ಡಾಗು,
ಇಂಡಿಯಿಂದ ದಿಲ್ಲಿ ಆಜಾದಪುರ.
ದೂರ ಅನ್ನೂ ಮನ್ಯಾಗ ಸಾವಿರದ ಆರುನೂರು,
ವ್ಯಾಳ್ಯಾ ಅನ್ನೂ ಮನ್ಯಾಗ ಐವತ್ತು ತಾಸು.
ಇಪ್ಪತ್ತೆರಡು ವರ್ಷ ಇದನ್ನೇ ಬರದೀನಿ,
ಕಾರ್ಬನ್ ಹಾಳಿಗೆ ತಾಗೂಹಂಗ ಒತ್ತಿ.
ನಾ ಕಂಡ ಉತ್ತರ ದಿಕ್ಕು ಅಂದ್ರ ಸೊಲ್ಲಾಪುರ,
ಅದೂ ಕಣ್ಣಿನ ಆಪರೇಶನ್ನಿಗೆ.
ಹೋಗೂಮುಂದ ಒಂದು ಕಣ್ಣು ಮಸಕು,
ಬರೂಮುಂದ ಅದಕ್ಕ ಪಟ್ಟಿ.

ಧೂಳಖೇಡದಾಗ ಭೀಮಾ ದಾಟಿದ ಮ್ಯಾಲ
ಏನೇನು ಅದ ಅಂತ ಲಾಳೇಸಾಬ ಹೇಳ್ತಾನ.
ಡ್ರೈವರ. ಊರಿನ ಹೆಸರಿನ ಗೊಡವಿಗೆ ಹೋಗೂದಿಲ್ಲ,
ನದಿ ಎಣಸ್ತಾನ: ಸೀನಾ, ಗೋದಾವರಿ, ತಾಪಿ.
"ನರ್ಮದಾಕ್ಕ ಬಂದಾಗ ತಾಡಪತ್ರಿ ಎತ್ತಿ
ಒಂದು ಡಾಗು ಮೂಸಿ ನೋಡ್ತೀನಿ, ಮಡಿವಾಳಪ್ಪಣ್ಣ.
ಅಲ್ಲೀತನಾ ಎಲಿ ವಾಸನಿ.
ಚಂಬಲ್ ದಾಟಿದ್ರ ಹಣ್ಣಿನ ವಾಸನಿ.
ಕಿಲೋಮೀಟರ್ ಕಲ್ಲು ಕಟಕೊಂಡು ನಾ ಏನು ಮಾಡ್ಲಿ?"

ಒಂದಿನ, ಹಮಾಲರು ಆ ಕಡೆ ಹೊಳ್ಳಿದಾಗ,
ಅವನ ಗಾಡಿಯ ಡಾಗಿನಿಂದ ಒಂದು ಕಾಯಿ ತಗದೆ.
ಗಟ್ಟಿ, ಗಿಣಿ ಬಣ್ಣ, ತೊಟ್ಟಿನ ಕಡೆ ಸಣ್ಣ ಕಜ್ಜಿ.
ಟೇಬಲ್ಲಿನ ಮ್ಯಾಲ ಇಟ್ಟೆ, ರಬ್ಬರ ಸಿಕ್ಕಾದ ಬಾಜೂಕ.
ಅಂವ ಹಾರ್ನ್ ಹೊಡದು ಹೋದ.

ಮೊದಲ ರಾತ್ರಿ ಏನೂ ಆಗ್ಲಿಲ್ಲ.
ಮರುದಿನ ಮಧ್ಯಾಹ್ನ ಕಿಡಕಿಯ ಬಿಸಲು ಬಿದ್ದು
ಹೊಟ್ಟಿ ಕಡೆ ಒಂದೀಟು ಬೆಳಗಾಯ್ತು.
ತಾಪಿ ದಾಟಿರಬೇಕು, ಅಂದೆ,
ಯಾರಿಗೂ ಅಲ್ಲ.
ಚಹಾದ ಹುಡುಗ ಅದನ್ನ ಹಿಂಡಾಕ ಕೇಳಿದ,
ಬೈದು ಕಳಿಸಿದೆ.
ಸಂಜೀಕ ಗುರಪಾದ ಹಮಾಲಿ ಲೆಕ್ಕ ತಂದಾಗ
ನಾ ಇಂದೂರಿನ ಈಚಿನ ಘಾಟ್ ಏರಾಕತ್ತಿದ್ದೆ, ಎರಡನೇ ಗೇರಿನ್ಯಾಗ.
ತಪ್ಪು ಬರದೆ. ಹೊಡದು ಹಾಕಿ ಮತ್ತ ಬರದೆ.

ಮೂರನೇ ಮುಂಜಾನೆ ಪೂರಾ ಹಳದಿ,
ಅರಿಷಿಣ ಹಚ್ಚಿದ ಮದಿಮಗನ ಕಿವಿಯಂಗ.
ನಾನೇ ಫೋನ್ ಹಚ್ಚಿದೆ:
ಮುಟ್ಟಿದ್ಯೇನೋ?

"ಎಲ್ಲಿ ಮುಟ್ಟೂದು! ಚಂಬಲ್ ಇನ್ನೂ ಬಂದಿಲ್ಲ,
ಈಚೀಕಡೆನೇ ಪಾಟಾ ಮುರದು ಕುಂತೀನಿ.
ಒಂಬತ್ತು ತಾಸಾಯ್ತು."
ಮಾಲು?
"ಮಾಲು ಹಣ್ಣಾಗೇದ.
ಹಣ್ಣಾಗಾಕ ಅದಕ್ಕೇನು ಗಾಲಿ ಬೇಕೇನು?"

ಫೋನಿಟ್ಟು ಅದನ್ನ ಕೈಯಾಗ ಹಿಡದೆ.
ತೊಟ್ಟಿನ ಕಜ್ಜಿ ಹಂಗೇ ಇತ್ತು.
ಮಧ್ಯಾಹ್ನ ಡಬ್ಬಿ ತಗದೆ: ಜ್ವಾಳದ ರೊಟ್ಟಿ,
ಹೆಸರಕಾಳಿನ ಪಲ್ಯಾ, ಉಳ್ಳಾಗಡ್ಡಿ.
ಅರ್ಧ ಹಿಂಡಿದೆ. ಎಷ್ಟು ರಸ!
ಇನ್ನರ್ಧ ಚಹಾದ ಹುಡುಗಗ.

ಆಮ್ಯಾಲ ಹೊಸ ಬಿಲ್ಟಿ.
ದೂರದ ಮನ್ಯಾಗ ಸಾವಿರದ ಆರುನೂರು.
ವ್ಯಾಳ್ಯಾದ ಮನಿಗೆ ಬಂದು ಪೆನ್ನು ನಿಂತಿತು.
ಮಾಲಕರು ನನ್ನನ್ನೇ ನೋಡಾಕತ್ತಿದ್ರು.
ಬೆರಳಿಗೆ ಇನ್ನೂ ಲಿಂಬಿ ವಾಸನಿ.
ಐವತ್ತು, ಅಂತ ತುಂಬಿದೆ.