ಹೋಲಿಕೆಯ ರಕ್ತ

ಒಂಬತ್ತಾದರೂ ಕಿಟಕಿಯಾಚೆ ಕತ್ತಲೇ.
ಇಲೊಮಾಂಟ್ಸಿಯ ಬಸ್ಸು ಇವತ್ತೂ ತಡ.
ಇಳಿದು ಬಂದವನು ತೋರ್ಸ್ತಿ ಪಿರ್ಹೋನೆನ್,
ಮರ ಕಡಿಯುವವನು, ನಲವತ್ತೊಂದು ವಯಸ್ಸು.
ಬೂಟಿನ ಹಿಮ ಹೊರಗೇ ಒದರಿ
ತೋಳು ಚಾಚಿ ಕೂತ. ಮಾತಿಲ್ಲ.
ಅಣ್ಣ ಹೋದದ್ದು ಎಷ್ಟನೇ ವಯಸ್ಸಿಗೆ, ಕೇಳಿದೆ.
"ಇಷ್ಟಕ್ಕೇ" ಅಂದ.

ದಪ್ಪ ಸೂಜಿಯೇ ಬೇಕು ಈ ಪರೀಕ್ಷೆಗೆ,
ರಕ್ತ ಗಾಬರಿಯಾಗಬಾರದು.
ಸಿಟ್ರೇಟಿನ ಕೊಳವೆಯನ್ನು
ನಿದ್ದೆಯ ಮಗುವಿಗೆ ಮಗ್ಗುಲು ಬದಲಿಸಿದ ಹಾಗೆ ಮಗುಚಿ
ಮೆಲ್ಲಗೆ ಗಿರಕಿ ಹೊಡೆಸಿದರೆ
ಕೆಂಪು ತಳಕ್ಕಿಳಿದು ಹಳದಿ ಮೇಲೆ ನಿಲ್ಲುತ್ತದೆ.
ಬರಿಗಣ್ಣಿಗೆ ಎಲ್ಲರದೂ ಒಂದೇ ಹಳದಿ.
ಮುನ್ನೂರ ಎಂಬತ್ತು ಕೊಲೆಸ್ಟರಾಲ್
ಚೀಟಿಯಲ್ಲಷ್ಟೇ ಕಾಣುವುದು.

ಆ ಹಳದಿಯಲ್ಲಿ ತೇಲುತ್ತವೆ ಪ್ಲೇಟ್‌ಲೆಟ್ಟುಗಳು,
ಒಳಗೆ ಬೀಜವಿಲ್ಲ, ಹತ್ತು ದಿನದ ಬಾಳು,
ಗೋಡೆ ಎಲ್ಲಿ ಬಿರಿದೀತೆಂದು
ಸುತ್ತುತ್ತಿರುವುದೇ ಕೆಲಸ.
ಊರ ಕಾವಲಿನವರು ಅನ್ನಿ ಬೇಕಾದರೆ,
ಆದರೆ ನಿದ್ದೆಗೆಟ್ಟ ಕಾವಲಿನವನು
ನೆರಳಿಗೂ ಗುಂಡು ಹಾರಿಸುತ್ತಾನೆ.
ಕೊಬ್ಬು ಅವುಗಳ ಪೊರೆಗೇ ಇಳಿಯುತ್ತದಂತೆ,
ಚಳಿಗೆ ತೊಗಲು ಸೆಟೆದುಕೊಂಡ ಹಾಗೆ ಪೊರೆ ಸೆಟೆಯುತ್ತದಂತೆ.
ಆಮೇಲೆ ಪಿಸುಮಾತೂ ಅವಕ್ಕೆ ಕೂಗು.

ನನ್ನ ಯಂತ್ರದಲ್ಲಿ ಗುಟ್ಟೇನಿಲ್ಲ:
ಕಿರುಬೆರಳಿನಷ್ಟು ಗಾಜು, ಮೈಯಷ್ಟೇ ಬಿಸಿ,
ಒಳಗೆ ತಿರುಗುವ ಉಕ್ಕಿನ ಚೂರು,
ಈ ಕಡೆ ದೀಪ, ಆ ಕಡೆ ಕಣ್ಣು.
ಬಿಡಿಬಿಡಿಯಾಗಿದ್ದಾಗ ಒಳಗೆಲ್ಲ ಮಂಜು.
ಒಂದನ್ನೊಂದು ಹಿಡಿದು ಗಂಟಾದಾಗ
ಮಂಜು ಹರಿದು ಬೆಳಕು ಹಾಯುತ್ತದೆ,
ಪೆನ್ನು ಏರುತ್ತದೆ.
ವರ್ಷದರ್ಧ ಬೆಳಕಿಗೆ ಬಾಯಿಬಿಡುವ ಈ ಊರಿನಲ್ಲಿ
ಈ ಒಂದು ಕೋಣೆಯಲ್ಲಿ ಮಾತ್ರ
ಬೆಳಕು ಬಂತೆಂದರೆ ಕೆಟ್ಟ ಸುದ್ದಿ.

ಎಡಿಪಿಯ ಒಂದು ಹನಿ, ಕಡಿಮೆಗಿಂತ ಕಡಿಮೆ.
ಗಟ್ಟಿಮುಟ್ಟಾದವರ ರಕ್ತ
ಕೈಕೈ ಹಿಡಿಯುತ್ತದೆ ಒಂದು ಗಳಿಗೆ,
ಏನಿಲ್ಲ ಬಿಡು ಎಂದು ಬಿಟ್ಟುಬಿಡುತ್ತದೆ.
ಸಣ್ಣ ಗುಡ್ಡ ಹತ್ತಿ ಪೆನ್ನು ಇಳಿಯುತ್ತದೆ.
ಬಿಡುವುದೇ ಆರೋಗ್ಯ, ನಾನು ಕಲಿತದ್ದು ಇಷ್ಟೆ.

ತೋರ್ಸ್ತಿಯ ರಕ್ತ ಹಿಡಿಯಿತು.
ಬಿಡಲಿಲ್ಲ.
ಗೆರೆ ಕಾಗದದಂಚಿಗೇರಿ ಅಲ್ಲೇ ನಡೆಯಿತು,
ಹಿಮದ ಮೇಲೆ ಒಬ್ಬನೇ ಹೋದವನ ಜಾಡು,
ವಾಪಸಿನ ಹೆಜ್ಜೆಯಿಲ್ಲ.

ಹೋಲಿಕೆಗೊಂದು ರಕ್ತ ಬೇಕಲ್ಲ ಪಕ್ಕದಲ್ಲಿ,
ರೋಗವಿಲ್ಲದವರದು. ನಾವೇ ಕೊಡುತ್ತೇವೆ ಸರದಿಯಲ್ಲಿ.
ಸೋಮವಾರ ಲೆಂಪಿ, ಬುಧವಾರ ಡಾಕ್ಟರೇ ತೋಳು ಮಡಿಸಿದ್ದರು,
ಇವತ್ತು ನಾನು.
ಮೂವತ್ತನಾಲ್ಕು. ಸಿಗರೇಟಿಲ್ಲ.
ಕೆಲಸಕ್ಕೆ ಬರುವುದು ಸ್ಕೀ ಮೇಲೆ.
ಆ ಕೊಳವೆಗೆ ಹೆಸರು ಬರೆಯುವುದಿಲ್ಲ,
ಬರೀ "ಹೋಲಿಕೆ" ಅಂತ.

ಹನಿ ಬಿತ್ತು. ಗುಡ್ಡ ಹತ್ತಿತು ಪೆನ್ನು.
ಈಗ ಇಳಿಯುತ್ತದೆ ಅಂದುಕೊಂಡೆ.
ಕಾಫಿ ಆರಿ ಹೋಯಿತು.
ಗಾಜು ತಿಳಿಯಾಗುತ್ತಲೇ ಇತ್ತು.

ಅಪ್ಪ ಬಲೆ ಎಳೆಯುತ್ತ ದೋಣಿಯಲ್ಲೇ ಒರಗಿದಾಗ
ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದದ್ದು:
ನರಳಲಿಲ್ಲ ಪುಣ್ಯಾತ್ಮ,
ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೋದ.
ಹೇಳುತ್ತಲೇ ರೈ ಹಿಟ್ಟಿನ ಬಿಸಿ ಕಡುಬನ್ನು
ಕರಗಿದ ಬೆಣ್ಣೆಯಲ್ಲಿ ಅದ್ದಿ ತೆಗೆದು
ನಮ್ಮ ಕೈಗಿಡುತ್ತಿದ್ದಳು.
ಮೊಣಕೈವರೆಗೂ ಸೋರುತ್ತಿತ್ತು, ನೆಕ್ಕುತ್ತಿದ್ದೆವು.
ಥೇಟ್ ಅಪ್ಪನದೇ ಮೂಗು, ಅಪ್ಪನದೇ ಹುಬ್ಬು
ಎನ್ನುತ್ತಿದ್ದರು ನೆಂಟರು.

ಎರಡು ಕಾಗದ ಒಂದರ ಮೇಲೊಂದಿಟ್ಟು
ಕಿಟಕಿಗೆ ಹಿಡಿದೆ. ಹೊರಗೆ ಅಷ್ಟರಲ್ಲಿ
ಬೂದಿ ಬಣ್ಣಕ್ಕೆ ಬೆಳಗಾಗಿತ್ತು.

"ಹೇಗಿದೆ?" ಬೂಟಿನ ದಾರ ಕಟ್ಟುತ್ತ ತೋರ್ಸ್ತಿ.
"ಡಾಕ್ಟರು ಬಂದು ಹೇಳುತ್ತಾರೆ, ಕೂತಿರಿ."
ಕೂತ.
ನಾನೂ ಬಿಳಿ ಕೋಟು ಬಿಚ್ಚಿ ಮೊಳೆಗೆ ಹಾಕಿ
ಅವನ ಪಕ್ಕದ ಕುರ್ಚಿಯಲ್ಲಿ ಕೂತೆ.
ಅವನು ಸ್ವಲ್ಪ ಸರಿದು ಜಾಗ ಬಿಟ್ಟ.