ಮಕಾಂಚಿ ಠಾಣೆ, ಬೆಳಿಗ್ಗೆ

ಹೆಗಾಯ್ ಊಟದ ಡಬ್ಬಿ ತೆರೆದಿದ್ದ.
ಅದೇ ಕ್ಯಾರೆಟ್ಟು, ಬೆಳ್ಳುಳ್ಳಿ, ಕೆಂಪು ಮೆಣಸು, ಹುಳಿ.
ಒಂಬತ್ತೂವರೆಗೆ ಯಾರಾದರೂ ಇದನ್ನು ತಿನ್ನುತ್ತಾರಾ ಎಂದು
ಹನ್ನೊಂದು ವರ್ಷದಿಂದ ಕೇಳುತ್ತಿದ್ದೇನೆ.
ಆಗ ಪರದೆಯ ಮೇಲೆ
ಒಂಬತ್ತು ಗೆರೆಗಳೂ ಒಟ್ಟಿಗೆ ತಲೆಯೆತ್ತಿದವು.

ಕುದುರೆ ಹಿಂಡು ಹಾದರೆ ಹೀಗಿರುವುದಿಲ್ಲ.
ಕುದುರೆ ನನಗೆ ಗೊತ್ತು. ಗಾಳಿಯೂ ಗೊತ್ತು,
ಅಲಾಕೋಲ್ ಸರೋವರದ ಮೇಲೆ ಮಂಜುಗಡ್ಡೆ ಬಿರಿಯುವುದು,
ಗೂಡ್ಸ್ ರೈಲು, ಗಣಿಯವರ ಮಧ್ಯಾಹ್ನದ ಸಿಡಿತ.
ಭೂಕಂಪಕ್ಕಾದರೂ ಒಂದು ಸಂಕೋಚವಿದೆ,
ಬಾಗಿಲು ತಟ್ಟಿ ಆಮೇಲೆ ನುಗ್ಗುತ್ತದೆ,
ಒಂದು ಕಡೆ ನೂಕಿದರೆ ಇನ್ನೊಂದು ಕಡೆ ಎಳೆಯುತ್ತದೆ.
ಇದು
ಸುತ್ತಲಿನ ಎಲ್ಲರನ್ನೂ ಆಚೆಗೆ ನೂಕುವುದೊಂದನ್ನೇ ಬಲ್ಲದ್ದು.

‘ಹೇಳು ಉಲ್ಜಾನ್’ ಅಂದ, ಚಮಚ ಕೆಳಗಿಡದೆ.
ಪೂರ್ವ. ಮೂರು ಸಾವಿರದ ನಾನ್ನೂರು ಕಿಲೋಮೀಟರು.
ಆಳ ಸೊನ್ನೆ ಎಂದೇ ಬರೆದುಕೋ.
ಬಂಡೆಯೊಳಗೆ ಆರು ನಿಮಿಷ ಓಡಿ ಬಂದಿದೆ.

ಬಾಗಿಲು ಹಾಕಿಕೊಂಡ ದೇಶ.
ಕಾಗದ ಹೋಗುವುದಿಲ್ಲ, ಬರುವುದಿಲ್ಲ.
ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿದೆ
ಎಂದುಕೊಂಡಿದ್ದೆ ಮೊದಮೊದಲು. ಅಲ್ಲ.
ಈ ಬೆಕ್ಕನ್ನು ಎಲ್ಲರೂ ನೋಡಬೇಕು,
ಹಾಲು ಅದಕ್ಕೆಂದೇ ಕಾಸಿದ್ದು.
ಅದರ ಓಲೆ ಹಂಚುವ ಅಂಚೆಯವರು ನಾವಿಬ್ಬರು,
ಸಂಬಳ ಬೇರೆ ಕಡೆಯಿಂದ.

‘ನನ್ನ ಮುತ್ತಜ್ಜಿ ಅಣಬೆ ಆರಿಸುತ್ತಿದ್ದ ಬೆಟ್ಟ ಅದೇ ಇರಬೇಕು.’
‘ಇರಲಿಕ್ಕಿಲ್ಲ’ ಅಂದೆ.
‘ಸೀಮೆ ಅದೇ’ ಅಂದ.
ನದಿ ದಾಟಿ ರಷ್ಯದ ಕಡೆ ಬಂದವಳು ಅವಳು.
ಮೂವತ್ತೇಳರಲ್ಲಿ ದನದ ಬೋಗಿಗೆ ತುಂಬಿ
ಇಲ್ಲಿಯ ಜೊಂಡಿನಲ್ಲಿ ಇಳಿಸಿ ಹೋದರು.
ನೆಲ ತೋಡಿ, ಬಿಲದಲ್ಲಿ ಚಳಿಗಾಲ ಕಳೆದಳು.
ತನ್ನ ಕೋಸು ಸಿಗದ ಮಣ್ಣಿನಲ್ಲಿ
ಕ್ಯಾರೆಟ್ಟಿಗೆ ಕೋಸಿನ ರುಚಿ ಕಲಿಸಿದಳು.

ನನ್ನ ಅಜ್ಜಿ ಉಮ್ಸಿನ್ ಸೆಮೇ ಕಡೆಯವಳು.
ಲಾರಿಯಲ್ಲಿ ಸೈನಿಕರು ಬಂದು ಹೇಳುತ್ತಿದ್ದರಂತೆ:
ಒಲೆ ಆರಿಸಿ, ಕಿಟಕಿ ತೆರೆದಿಡಿ,
ಹಳ್ಳಕ್ಕಿಳಿದು ಬೋರಲು ಮಲಗಿ, ನೋಡಬೇಡಿ.
ನೋಡಬೇಡ ಅಂದರೆ ನೋಡದಿರುವ ಮಗು ಯಾವುದು?
ಆಮೇಲೊಬ್ಬ ಅಧಿಕಾರಿ ಮನೆಮನೆಗೆ ಬಂದು
ಗಾಜು ಎಷ್ಟು ಒಡೆಯಿತೆಂದು ಎಣಿಸುತ್ತಿದ್ದ.
ಮನುಷ್ಯರನ್ನು ಎಣಿಸಲು ನಲವತ್ತು ವರ್ಷ ಹಿಡಿಯಿತು.
ಗಾಜಿನ ಲೆಕ್ಕ ಮಾತ್ರ ಪಕ್ಕಾ ಇತ್ತು ಅನ್ನುತ್ತಾಳೆ.

ಫೋನು ಬಡಿದುಕೊಳ್ಳತೊಡಗಿತು. ಅಲ್ಮಾಟಿ. ವಿಯೆನ್ನಾ.
ನಾವು ಕಳಿಸುವ ಕಾಗದದಲ್ಲಿ ಅದರ ಹೆಸರು ‘ಘಟನೆ’.
ಸಂಜೆಯೊಳಗೆ ದುಂಡು ಮೇಜಿನ ಸುತ್ತ
ಅದು ‘ತೀವ್ರ ಕಳವಳ’ವಾಗುತ್ತದೆ.
ಹೋದ ಸಲ ‘ಅತ್ಯಂತ ತೀವ್ರ’ವಾಗಿತ್ತು;
ಇನ್ನು ಮುಂದಿನ ಮೆಟ್ಟಿಲಿಗೆ ಪದವಿಲ್ಲ, ಪಾಪ.
ಮೇಜಿನ ಸುತ್ತ ಕೂತವರಲ್ಲಿ ಕೆಲವರ
ಸೊಂಟದಲ್ಲಿ ಉಗ್ರಾಣದ ಬೀಗದ ಕೈ ಕಿಣಿಕಿಣಿ ಅನ್ನುತ್ತದೆ,
ಒಳಗಿರುವುದು ಅದೇ ಸಾಮಾನು.

ಎಂಟು ನಿಮಿಷ ಕಳೆದಿರಬೇಕು,
ಇನ್ನೊಂದು ಬಂತು. ಸಣ್ಣದು.
ಈ ಸಲ ಗೆರೆಗಳು ಮೊದಲು ಕೆಳಗಿಳಿದವು.
‘ಮತ್ತೊಂದಾ?’ ಎಂದು ಕೂಗಿತು ಫೋನು.
ಅಲ್ಲ. ಬೆಟ್ಟ ಕೂತಿತು ಅಷ್ಟೆ.
ಟೊಳ್ಳಾದ ಜಾಗಕ್ಕೆ ತನ್ನನ್ನೇ ಎಳೆದುಕೊಂಡಿತು.

ಅಜ್ಜಿಗೆ ಹೇಳಿದರೆ ಏನು ಕೇಳುತ್ತಾಳೆಂದು ಗೊತ್ತು:
ಮೇಲೆ ಯಾರಿದ್ದರು?
ನಮೂನೆಯಲ್ಲಿ ಆ ಕಾಲಮ್ಮು ಇಲ್ಲ.
ಹೊತ್ತು, ದಿಕ್ಕು, ಬಲ, ಆಳ,
ಕೊನೆಗೆ: ತಪ್ಪಿರಬಹುದಾದ ಅಂತರ.
ಹದಿನಾರು ಕಿಲೋಮೀಟರು ಎಂದು ಟೈಪು ಮಾಡಿದೆ.
ಹದಿನಾರು ಕಿಲೋಮೀಟರಿನಲ್ಲಿ
ಎಷ್ಟು ಒಲೆ ಹಿಡಿಯುತ್ತವೆ, ಎಷ್ಟು ಬಾವಿ,
ಗಂಜಿ ಕುದಿಯಲು ಬಿಟ್ಟು ಹೊರಗೋಡಿ ಬಂದ ಎಷ್ಟು ಜನ,
ಬೋರಲು ಮಲಗಿ ಎಂದು ಅವರಿಗೆ ಯಾರಾದರೂ ಹೇಳಿದ್ದರೋ ಇಲ್ಲವೋ.

ಕಳಿಸಿದೆ.
ಹೆಗಾಯ್ ನಕಲು ಪ್ರತಿ ಎಳೆದುಕೊಂಡು
ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಊರಿನ ಹೆಸರು ಬರೆದ,
ತನಗೇ ನೆಟ್ಟಗೆ ಓದಲು ಬಾರದ ಲಿಪಿಯಲ್ಲಿ.
ಒಂದಕ್ಷರದ ಹತ್ತಿರ ತಡೆದು,
ಅಳಿಸಿ,
ಮತ್ತೆ ಬರೆದ.